ನಾಳೆಯ ಕೈಕ್ಯಾಮೆರಾ ಹೇಗಿದ್ದೀತು: ಊಹೆಯನ್ನು ಲೆಕ್ಕಕ್ಕೆ ಕೂರಿಸುವ ಬಗೆ

ವಿಡಿಯೊ, ರೀಲ್ಸ್, ಪಾಡ್‌ಕಾಸ್ಟ್‌ಗಳನ್ನು ಮಾಡಿ ಬದುಕು ನಡೆಸುವವರಿಗೆ ಮುಂದಿನ ಸಾಧನ ಹೇಗಿರಬಹುದು ಎಂಬುದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಇರುವ ಹಣವನ್ನು ಈಗಲೇ ಒಂದು ಕ್ಯಾಮೆರಾಕ್ಕೆ ಹಾಕಬೇಕೆ, ಇನ್ನೊಂದು ವರ್ಷ ಕಾಯಬೇಕೆ, ಇರುವ ಫೋನಿಗೇ ಒಳ್ಳೆಯ ಮೈಕ್ ಕೂಡಿಸಿಕೊಂಡು ಸುಧಾರಿಸಬೇಕೆ ಎಂಬ ತೀರ್ಮಾನಗಳೆಲ್ಲ ಆ ಊಹೆಯ ಮೇಲೆಯೇ ನಿಂತಿರುತ್ತವೆ. ಆದರೆ ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವ ಊಹೆ ಆಸೆಗಳ ಪಟ್ಟಿಯಾಗಿರುತ್ತದೆ. ಫೋನಿನಷ್ಟು ತೆಳುವಾಗಿರಬೇಕು, ಸಿನಿಮಾ ಕ್ಯಾಮೆರಾದಂತಹ ಚಿತ್ರ ಬರಬೇಕು, ಬ್ಯಾಟರಿ ಎರಡು ದಿನ ಬರಬೇಕು, ಬೆಲೆ ಕೈಗೆಟುಕಬೇಕು ಎಂದು ಬರೆದಿಟ್ಟುಕೊಂಡು, ಯಾರೋ ಗ್ರಾಫಿಕ್ಸ್‌ನಲ್ಲಿ ಬಿಡಿಸಿದ ಚಿತ್ರವನ್ನು ನೋಡಿ ಹಿಗ್ಗುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದ ಹಾಗೆಯೇ ಸರಿ.

ಇಲ್ಲಿ ವಿವರಿಸುವ ಕ್ರಮ ಇದಕ್ಕೆ ತಿರುವುಮುರುವಾದದ್ದು. ಹೊಸದಾಗಿ ಏನು ಸೇರಬಹುದು ಎಂದು ಕೇಳುವುದಕ್ಕೆ ಮೊದಲು, ಇಂದಿನ ಸಾಧನವನ್ನು ಏನು ತಡೆದು ನಿಲ್ಲಿಸಿದೆ ಎಂದು ಕೇಳಬೇಕು. ಆ ತಡೆ ಭೌತಶಾಸ್ತ್ರದ್ದೋ, ತಂತ್ರಾಂಶದ್ದೋ, ವ್ಯಾಪಾರದ ಲೆಕ್ಕಾಚಾರದ್ದೋ ಎಂದು ಬೇರ್ಪಡಿಸಬೇಕು. ಆಮೇಲೆ ಯಾವ ತಡೆ ಸಡಿಲವಾಗುತ್ತಿದೆ ಎಂಬುದನ್ನು ಹುಡುಕಬೇಕು.

ಮೊದಲು ಒಂದೇ ಕೆಲಸವನ್ನು ಆರಿಸಿಕೊಳ್ಳಿ

"ಕ್ರಿಯೇಟರ್‌ಗಳಿಗೆ ಬೇಕಾದ ಸಾಧನ" ಎಂದು ಹೊರಟರೆ ಊಹೆ ಎಲ್ಲಿಗೂ ಮುಟ್ಟುವುದಿಲ್ಲ. ಅಡುಗೆ ವಿಡಿಯೊ ಮಾಡುವವರ ಕಷ್ಟವೇ ಬೇರೆ, ಬೈಕ್ ಪ್ರವಾಸದ ವಿಡಿಯೊ ಮಾಡುವವರ ಕಷ್ಟವೇ ಬೇರೆ. ಆದ್ದರಿಂದ ಒಂದು ಕೆಲಸವನ್ನು ಆರಿಸಿಕೊಂಡು, ಅದರಲ್ಲಿ ಸಾಧನ ಕೈಕೊಡುವ ಜಾಗಗಳನ್ನು ಗುರುತಿಸಿ. ಕರಾವಳಿಯ ಯಕ್ಷಗಾನ ಬಯಲಾಟವನ್ನು ಒಬ್ಬರೇ ನಿಂತು ಚಿತ್ರೀಕರಿಸುವ ಕೆಲಸವನ್ನು ನಾನು ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಕೈಸಾಧನವೊಂದರ ಎಲ್ಲ ದೌರ್ಬಲ್ಯಗಳನ್ನೂ ಒಂದೇ ರಾತ್ರಿಯಲ್ಲಿ ಹೊರಗೆಡಹುವ ಇಂತಹ ಪರೀಕ್ಷೆ ಇನ್ನೊಂದಿಲ್ಲ.

ಮೊದಲ ತೊಡಕು ಬೆಳಕಿನದು. ನಮ್ಮ ವಿದ್ಯುತ್ 50 ಹರ್ಟ್ಸ್‌ನದು. ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಫೋನು ತಾನಾಗಿ ಸೆಕೆಂಡಿಗೆ 30 ಫ್ರೇಮ್ ಮತ್ತು 1/60 ಸೆಕೆಂಡಿನ ಷಟರ್ (ಪ್ರತಿ ಫ್ರೇಮಿಗೂ ಬೆಳಕು ಬೀಳುವ ಹೊತ್ತು) ಆರಿಸಿಕೊಂಡರೆ ರಂಗಸ್ಥಳದ ಹಿಂದಿನ ಪರದೆಯ ಮೇಲೆ ಕಪ್ಪು ಪಟ್ಟೆಗಳು ಹರಿದಾಡುತ್ತವೆ. 25 ಫ್ರೇಮ್ ಮತ್ತು 1/50 ಅಥವಾ 1/100ಕ್ಕೆ ಹೊಂದಿಸಿದರೆ ಪಟ್ಟೆಗಳು ಅಡಗುತ್ತವೆ, ಆದರೆ ಡಿಮ್ಮರ್ ಹಾಕಿದ ಬಣ್ಣದ ದೀಪಗಳ ಮಿನುಗು ಬೇರೆಯೇ ವೇಗದ್ದಾಗಿರುವುದರಿಂದ ಅಲ್ಲಿ ಈ ಉಪಾಯವೂ ಸಾಲದು. ಎರಡನೆಯದು ಧ್ವನಿ. ಭಾಗವತರು ಕರುಣ ರಸದ ಪದ್ಯವನ್ನು ತಗ್ಗಿದ ಸ್ವರದಲ್ಲಿ ಎತ್ತಿಕೊಂಡಾಗ ಸಾಧನದ ಸ್ವಯಂಚಾಲಿತ ಮಟ್ಟ ಮೇಲೇರುತ್ತದೆ. ಮರುಕ್ಷಣ ಚಂಡೆಯ ಪೆಟ್ಟು ಬಿದ್ದಾಗ ಧ್ವನಿ ಒಡೆಯುತ್ತದೆ, ಮಟ್ಟ ದಿಢೀರನೆ ಕುಸಿಯುತ್ತದೆ, ಮುಂದಿನ ಸಾಲು ಕೇಳಿಸದೇ ಹೋಗುತ್ತದೆ. ಮೂರನೆಯದು ದತ್ತಾಂಶದ ಗಾತ್ರ. ಸೆಕೆಂಡಿಗೆ 100 ಮೆಗಾಬಿಟ್‌ನಂತೆ ದಾಖಲಾಗುವ 4ಕೆ ವಿಡಿಯೊ ಗಂಟೆಗೆ 45 ಜಿಬಿ ತಿನ್ನುತ್ತದೆ. ಆರು ಗಂಟೆಯ ಆಟಕ್ಕೆ 270 ಜಿಬಿ. ಅದೇ 270 ಜಿಬಿ ಜಾಗ ಐಫೋನಿನ, ಹೆಚ್ಚು ವಿವರ ಉಳಿಸುವ ಪ್ರೊರೆಸ್ ಮಾದರಿಯಲ್ಲಿ, ಅಂದರೆ ನಿಮಿಷಕ್ಕೆ ಸುಮಾರು 6 ಜಿಬಿಯ ಲೆಕ್ಕದಲ್ಲಿ, ಪಾತ್ರಪ್ರವೇಶದ ಒಡ್ಡೋಲಗ ಮುಗಿದು ಕಥೆ ಕಾಲೂರುವ ಹೊತ್ತಿಗೆ, 45 ನಿಮಿಷದಲ್ಲೇ ಭರ್ತಿಯಾಗುತ್ತದೆ.

ಈಗ ಒಂದೊಂದನ್ನೂ ಅದರದರ ಬುಟ್ಟಿಗೆ ಹಾಕಬೇಕು. ಷಟರ್ ವೇಗದ ಹತೋಟಿ ಬಹುಮಟ್ಟಿಗೆ ತಂತ್ರಾಂಶದ ವಿಷಯ. ಧ್ವನಿಯ ಸಮಸ್ಯೆಗೆ, ತೀರ ತಗ್ಗಿದ ದನಿಯನ್ನೂ ತೀರ ಜೋರಾದ ದನಿಯನ್ನೂ ಒಡೆಯದಂತೆ ದಾಖಲಿಸುವ 32 ಬಿಟ್ ಫ್ಲೋಟ್ ಎಂಬ ಪರಿಹಾರ ಆಗಲೇ ಇದೆ. 2019ರಲ್ಲಿ ಝೂಮ್ ಎಫ್6 ರೆಕಾರ್ಡರ್‌ನಲ್ಲಿ ಬಂದದ್ದು 2023-24ರ ಹೊತ್ತಿಗೆ ರೋಡ್ ಮತ್ತು ಡಿಜೆಐ ಕಂಪನಿಗಳ ಅಂಗಿಗೆ ಸಿಕ್ಕಿಸುವ ವೈರ್‌ಲೆಸ್ ಮೈಕುಗಳಿಗೂ ಇಳಿಯಿತು. ಫೋನಿನಲ್ಲಿ ಮೆಮೊರಿ ಕಾರ್ಡಿನ ಕಿಂಡಿ ಇಲ್ಲದಿರುವುದು ಶುದ್ಧ ವ್ಯಾಪಾರದ ತೀರ್ಮಾನ. ಹೀಗೆ ಬೇರ್ಪಡಿಸಿದಾಗ ಒಂದು ಸಂಗತಿ ತಿಳಿಯುತ್ತದೆ: ಸಾಧನದಲ್ಲಿ ನಮ್ಮನ್ನು ಕಾಡುವ ಕೊರತೆಗಳಲ್ಲಿ ಬಹಳಷ್ಟು ಅಸಾಧ್ಯವಾದವುಗಳಲ್ಲ, ಯಾರೋ ಬೇಡವೆಂದು ಬಿಟ್ಟವು. ಅಂತಹವು ಯಾವ ವರ್ಷ ಬೇಕಾದರೂ ತುಂಬಿಬರಬಹುದು, ತುಂಬಿಬರದೆಯೂ ಇರಬಹುದು. ಭರವಸೆಯಿಂದ ಊಹಿಸಬಹುದಾದದ್ದು ಭೌತಶಾಸ್ತ್ರದ ಬುಟ್ಟಿಯಲ್ಲಿ ಬಿದ್ದದ್ದನ್ನು ಮಾತ್ರ.

ಬೆಳಕು ಮತ್ತು ದಪ್ಪ

ಬೆಳಕನ್ನು ಹಿಡಿದು ಚಿತ್ರವಾಗಿಸುವ ಸೆನ್ಸರ್‌ನ ವಿಸ್ತೀರ್ಣವನ್ನು ನೀವೇ ಗುಣಿಸಿ ನೋಡಿ. ಚಿಕ್ಕ ಕ್ಯಾಮೆರಾಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ 1/2.3 ಇಂಚಿನ ಸೆನ್ಸರ್ ಸುಮಾರು 28 ಚದರ ಮಿಲಿಮೀಟರ್. ಒಂದು ಇಂಚು ಎಂದು ಕರೆಯುವ ಸೆನ್ಸರ್ ನಿಜವಾಗಿ 13.2 × 8.8 ಮಿಲಿಮೀಟರ್, ಅಂದರೆ ಸುಮಾರು 116. ದೊಡ್ಡ ಕ್ಯಾಮೆರಾಗಳ ಫುಲ್ ಫ್ರೇಮ್ ಸೆನ್ಸರ್ 864. ಡಿಜೆಐನ ಹಿಡಿಕೆಯಾಕಾರದ ಪುಟ್ಟ ಕ್ಯಾಮೆರಾ ಆಸ್ಮೊ ಪಾಕೆಟ್ 2018ರಲ್ಲಿ ಮೊದಲನೆಯದರಿಂದ ಶುರುವಾಗಿ, 2020ರ ಪಾಕೆಟ್ 2ರಲ್ಲಿ 1/1.7 ಇಂಚಿಗೆ, 2023ರ ಪಾಕೆಟ್ 3ರಲ್ಲಿ ಒಂದು ಇಂಚಿಗೆ ಬಂದಿತು. ಐದು ವರ್ಷದಲ್ಲಿ ವಿಸ್ತೀರ್ಣ ನಾಲ್ಕು ಪಟ್ಟಾಯಿತು. ಈ ಗೆರೆಯನ್ನು ಹಾಗೆಯೇ ಮುಂದಕ್ಕೆ ಎಳೆದು ಇನ್ನು ಐದು ವರ್ಷಕ್ಕೆ ಮತ್ತೆ ನಾಲ್ಕು ಪಟ್ಟು ಎಂದು ಬರೆಯಬಾರದು. ಸೆನ್ಸರ್ ಅಗಲವಾದಂತೆ ಅದರ ಮುಂದಿನ ಲೆನ್ಸ್‌ಗೆ ಬೇಕಾದ ಆಳವೂ ಹೆಚ್ಚುತ್ತದೆ. 2022ರಲ್ಲಿ ಶವೊಮಿ 12ಎಸ್ ಅಲ್ಟ್ರಾ ಒಂದು ಇಂಚಿನ ಸೆನ್ಸರನ್ನು ಫೋನಿಗೆ ಹಾಕಿದಾಗ ಬೆನ್ನಿನ ಮೇಲೆ ದೊಡ್ಡ ಗುಂಡನೆಯ ಉಬ್ಬು ಎದ್ದದ್ದು ಇದೇ ಕಾರಣಕ್ಕೆ. ಹಿಡಿಕೆಯ ಆಕಾರದ ಸಾಧನದಲ್ಲಿ ಆಳಕ್ಕೆ ಜಾಗವಿದೆ, ಫೋನಿನ ಹಲಗೆಯಲ್ಲಿ ಇಲ್ಲ. ಹಾಗಾಗಿ ದೊಡ್ಡ ಸೆನ್ಸರ್‌ನತ್ತ ಮುಂದಿನ ಹೆಜ್ಜೆ ಫೋನಿಗಿಂತ ಮೊದಲು ಹಿಡಿಕೆಯ ಸಾಧನದಲ್ಲಿ ಬರುವ ಸಂಭವವೇ ಹೆಚ್ಚು.

ಬಿಸಿ: ಎಲ್ಲ ಊಹೆಗಳೂ ಎಡವುವ ಹೊಸ್ತಿಲು

ಗುಣಲಕ್ಷಣಗಳ ಪಟ್ಟಿಯಲ್ಲಿ ಕಾಣದ, ಆದರೆ ಸಾಧನದ ಹಣೆಬರಹವನ್ನು ತೀರ್ಮಾನಿಸುವ ಅಂಶವೆಂದರೆ ಅದು ಎಷ್ಟು ಬಿಸಿಯನ್ನು ಹೊರಹಾಕಬಲ್ಲದು ಎಂಬುದು. ಇದನ್ನು ಕಾಗದದ ಮೇಲೆಯೇ ಅಂದಾಜು ಮಾಡಬಹುದು. 16 ಸೆಂಟಿಮೀಟರ್ ಉದ್ದ, 7.5 ಸೆಂಟಿಮೀಟರ್ ಅಗಲದ ಫೋನಿನ ಎರಡೂ ಮೈಗಳನ್ನು ಸೇರಿಸಿದರೆ 240 ಚದರ ಸೆಂಟಿಮೀಟರ್. ಗಾಳಿಯಾಡದ ಜಾಗದಲ್ಲಿ ಒಂದು ಚದರ ಮೀಟರ್ ಮೈ, ತನ್ನ ಮತ್ತು ಸುತ್ತಲಿನ ಗಾಳಿಯ ನಡುವಿನ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸರಿಸುಮಾರು 10 ವ್ಯಾಟ್ ಹೊರಹಾಕುತ್ತದೆ. ಕೈಯಲ್ಲಿ ಹಿಡಿಯಲಾಗದಷ್ಟು ಸುಡಬಾರದು ಎಂದರೆ ಮೈಯ ಬಿಸಿ 45 ಡಿಗ್ರಿ ದಾಟಬಾರದು. ಬೆಂಗಳೂರಿನ 25 ಡಿಗ್ರಿಯ ಸಂಜೆಯಲ್ಲಿ ವ್ಯತ್ಯಾಸ 20 ಡಿಗ್ರಿ, 0.024ನ್ನು 10ರಿಂದಲೂ 20ರಿಂದಲೂ ಗುಣಿಸಿದರೆ 4.8 ವ್ಯಾಟ್. ಅದೇ ಫೋನನ್ನು ಮೇ ತಿಂಗಳ ಕಲಬುರಗಿಗೆ ಒಯ್ದು 40 ಡಿಗ್ರಿಯ ನೆರಳಿನಲ್ಲಿ ಹಿಡಿದರೆ ವ್ಯತ್ಯಾಸ 5 ಡಿಗ್ರಿಗೆ ಇಳಿದು, ಹೊರಹೋಗುವ ಬಿಸಿ 1.2 ವ್ಯಾಟ್‌ಗೆ ಕುಸಿಯುತ್ತದೆ. ನೆರಳು ಬಿಟ್ಟು ಬಿಸಿಲಿಗೆ ಹಿಡಿದರಂತೂ ನೆತ್ತಿಯ ಸೂರ್ಯ ಆ ಒಂದು ಮೈಗೇ ಹತ್ತು ವ್ಯಾಟ್‌ಗಿಂತ ಹೆಚ್ಚು ಸುರಿಯುತ್ತಾನೆ. ಆಪಲ್ ಕಂಪನಿಯು ಐಫೋನನ್ನು 0ಯಿಂದ 35 ಡಿಗ್ರಿಯೊಳಗೆ ಬಳಸಬೇಕು ಎಂದು ತಾನೇ ಹೇಳುತ್ತದೆ. ಉತ್ತರ ಕರ್ನಾಟಕದ ಬೇಸಿಗೆ ಆ ಮಿತಿಯ ಆಚೆಗಿದೆ.

ಆದ್ದರಿಂದ "8ಕೆ 60 ಫ್ರೇಮ್, ಜೊತೆಗೆ ಸಾಧನದಲ್ಲೇ ಎಐ ಎಡಿಟಿಂಗ್" ಎಂಬ ಸುದ್ದಿ ಕಂಡಾಗ, ಇದಕ್ಕೆ ಎಷ್ಟು ವ್ಯಾಟ್ ಬೇಕು, ಎಷ್ಟು ಹೊತ್ತು ಬೇಕು ಎಂದು ಮೊದಲು ಕೇಳಿ. ಚಿಪ್ ಅದನ್ನು ಮಾಡಬಲ್ಲದು ಎಂಬುದು ಉತ್ತರವಾಗುವುದಿಲ್ಲ; ಎರಡು ನಿಮಿಷ ಮಾಡಬಲ್ಲದ್ದನ್ನು ಆರು ಗಂಟೆ ಮಾಡಬಲ್ಲದೆ ಎಂಬುದೇ ಪ್ರಶ್ನೆ. ಬ್ಯಾಟರಿಯ ಲೆಕ್ಕವೂ ಇಲ್ಲಿಗೇ ಬಂದು ಸೇರುತ್ತದೆ. 5000 ಎಂಎಎಚ್‌ನ ಬ್ಯಾಟರಿಯಲ್ಲಿ ಇರುವುದು ಸುಮಾರು 19 ವ್ಯಾಟ್‌ಅವರ್. 5 ವ್ಯಾಟ್ ಎಳೆದರೆ ನಾಲ್ಕು ಗಂಟೆಯೂ ಬಾರದು. 2023ರಿಂದ ಚೀನಾದ ಫೋನುಗಳಲ್ಲಿ ಬರತೊಡಗಿದ ಸಿಲಿಕಾನ್-ಕಾರ್ಬನ್ ಬ್ಯಾಟರಿಗಳು ಅಷ್ಟೇ ಜಾಗದಲ್ಲಿ ಹೆಚ್ಚು ಶಕ್ತಿ ಹಿಡಿಯುತ್ತವೆ ಎಂಬುದು ನಿಜ. ಆದರೆ ಹೆಚ್ಚು ಶಕ್ತಿಯೆಂದರೆ ಅಂತಿಮವಾಗಿ ಹೆಚ್ಚು ಬಿಸಿ. ಅದನ್ನು ಹೊರಹಾಕುವ ಮೈ ಮಾತ್ರ ಅಷ್ಟೇ ಇರುತ್ತದೆ.

ಹಾಗಿದ್ದರೆ ಫ್ಯಾನ್ ಹಾಕಬಹುದಲ್ಲ? ಹಾಕಿದ್ದಾರೆ. 2019ರ ರೆಡ್‌ಮ್ಯಾಜಿಕ್ 3 ಗೇಮಿಂಗ್ ಫೋನಿನೊಳಗೆ ಪುಟ್ಟ ಫ್ಯಾನ್ ಇತ್ತು, 2021ರ ಸೋನಿ ಎಫ್‌ಎಕ್ಸ್3 ಕ್ಯಾಮೆರಾದೊಳಗೂ ಇದೆ. ಚಿಕ್ಕ ಕೈಕ್ಯಾಮೆರಾಗಳಿಗೆ ಅದು ಹೆಚ್ಚಾಗಿ ಬಾರದಿರಲು ಒಂದು ಮುಖ್ಯ ಕಾರಣ ಸದ್ದು: ಮೈಕಿಗೂ ಫ್ಯಾನಿಗೂ ನಡುವೆ ನಾಲ್ಕು ಬೆರಳಿನ ಅಂತರವೂ ಇಲ್ಲದ ಕಡೆ ಅದರ ಗುಂಯ್‌ಗುಡುವಿಕೆ ಧ್ವನಿಯಲ್ಲಿ ಬೆರೆಯುತ್ತದೆ. ಆದರೆ ಕ್ರಿಯೇಟರ್‌ಗಳಲ್ಲಿ ಬಹಳ ಮಂದಿ ಈಗ ಅಂಗಿಗೆ ಮೈಕ್ ಸಿಕ್ಕಿಸಿಕೊಂಡೇ ಮಾತನಾಡುತ್ತಾರೆ. ಮೈಕು ಸಾಧನದಿಂದ ದೂರ ಸರಿದದ್ದರಿಂದ ಫ್ಯಾನಿಗಿದ್ದ ಆಕ್ಷೇಪ ಅರ್ಧಕ್ಕರ್ಧ ಕರಗಿದೆ. ಊಹೆಯ ಸರಪಳಿ ಹೀಗೆ ಬೆಳೆಯಬೇಕು. ಒಂದು ಬದಲಾವಣೆ ಇನ್ನೊಂದಕ್ಕೆ ದಾರಿ ಬಿಡುವುದನ್ನು ಹಿಡಿಯಬೇಕು.

ಸತ್ತ ಸಾಧನಗಳನ್ನು ವಿಚಾರಿಸಿ

ಹೊಸದರ ಊಹೆಗೆ ಹಳೆಯ ಸೋಲುಗಳಿಗಿಂತ ಒಳ್ಳೆಯ ಆಧಾರವಿಲ್ಲ. ಒಂದೊಂದರ ಎದುರೂ ಅದರ ಸಾವಿನ ಕಾರಣವನ್ನು ಒಂದೇ ವಾಕ್ಯದಲ್ಲಿ ಬರೆಯಲು ಯತ್ನಿಸಿ.

ಫ್ಲಿಪ್ ಎಂಬ ಪುಟ್ಟ ವಿಡಿಯೊ ಕ್ಯಾಮೆರಾ ಅಮೆರಿಕದಲ್ಲಿ ಚೆನ್ನಾಗಿಯೇ ಮಾರಾಟವಾಗುತ್ತಿತ್ತು. ಅದನ್ನು ತಯಾರಿಸುತ್ತಿದ್ದ ಕಂಪನಿಯನ್ನು ಸಿಸ್ಕೊ 2009ರಲ್ಲಿ ಸುಮಾರು 59 ಕೋಟಿ ಡಾಲರ್ ಕೊಟ್ಟು ಕೊಂಡು, 2011ರ ಏಪ್ರಿಲ್‌ನಲ್ಲಿ ಮುಚ್ಚಿತು. ಫೋನು ಅದೇ ಕೆಲಸವನ್ನು ಮಾಡಿ, ತೆಗೆದ ವಿಡಿಯೊವನ್ನು ಅಲ್ಲಿಂದಲೇ ಕಳುಹಿಸತೊಡಗಿತ್ತು. ಲೈಟ್ರೊ 2012ರಲ್ಲಿ, ತೆಗೆದ ಮೇಲೆ ಫೋಕಸ್ ಬದಲಿಸಬಹುದಾದ ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದು 2018ರಲ್ಲಿ ಬಾಗಿಲು ಹಾಕಿತು. ಚಮತ್ಕಾರವಿತ್ತು, ಅದಿಲ್ಲದೆ ನಿಂತುಹೋಗಿದ್ದ ಕೆಲಸ ಯಾರ ಬಳಿಯೂ ಇರಲಿಲ್ಲ. ಸಿನಿಮಾ ಕ್ಯಾಮೆರಾಗಳಿಗೆ ಹೆಸರಾದ ರೆಡ್ ಕಂಪನಿಯ ಹೈಡ್ರೊಜನ್ ಒನ್ ಫೋನು 2018ರಲ್ಲಿ 1295 ಡಾಲರ್‌ಗೆ ಬಂದು, ಅದರ ಯೋಜನೆಯೇ 2019ರಲ್ಲಿ ನಿಂತಿತು. ಮುಂದೆ ಕೊಡುತ್ತೇವೆಂದ ಕ್ಯಾಮೆರಾ ಮಾಡ್ಯೂಲಿನ ಮಾತು ಕೊಂಡವರಿಗೆ ಮಾತಾಗಿಯೇ ಉಳಿಯಿತು.

ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಹೆಚ್ಚು ಕಲಿಸುವುದು ಸೋನಿಯ ಕ್ಯುಎಕ್ಸ್10 ಮತ್ತು ಕ್ಯುಎಕ್ಸ್100. 2013ರಲ್ಲಿ ಬಂದ ಇವು ನೋಡಲು ಬರಿಯ ಲೆನ್ಸ್‌ನಂತಿದ್ದು, ಫೋನಿನ ಬೆನ್ನಿಗೆ ಕಚ್ಚಿಕೊಂಡು, ವೈಫೈ ಮೂಲಕ ಚಿತ್ರವನ್ನು ಪರದೆಗೆ ಕಳುಹಿಸುತ್ತಿದ್ದವು. ಆ ವೈಫೈ ಕೊಂಡಿಯೇ ಮುಳುವಾಯಿತು: ಜೋಡಣೆಗೆ ಹೊತ್ತು ಹಿಡಿಯುತ್ತಿತ್ತು, ಪರದೆಯ ಮೇಲಿನ ಚಿತ್ರ ತಡವಾಗಿ ಬರುತ್ತಿತ್ತು. 2025ರಲ್ಲಿ ಬಾರ್ಸಿಲೋನಾದ ಮೊಬೈಲ್ ಪ್ರದರ್ಶನದಲ್ಲಿ ಶವೊಮಿ ಅದೇ ಕಲ್ಪನೆಯನ್ನು ಮತ್ತೆ ತೋರಿಸಿತು. ಮೈಕ್ರೊ ಫೋರ್ ಥರ್ಡ್ಸ್ ಎಂಬ, ಒಂದು ಇಂಚಿನದಕ್ಕಿಂತ ದೊಡ್ಡ ಸೆನ್ಸರ್ ಇರುವ ಲೆನ್ಸ್ ಆಯಸ್ಕಾಂತದಿಂದ ಫೋನಿಗೆ ಅಂಟಿಕೊಳ್ಳುತ್ತದೆ, ದತ್ತಾಂಶ ಬೆಳಕಿನ ಕಿರಣದ ಮೂಲಕ ಹರಿಯುತ್ತದೆ. ಹನ್ನೆರಡು ವರ್ಷದ ಹಿಂದೆ ಕೊಂದ ಕಾರಣವನ್ನೇ ತೆಗೆದುಹಾಕುವ ಯತ್ನವಿದು. ಮೂಲಮಾದರಿ ಅಂಗಡಿಗೆ ಬರುತ್ತದೆ ಎಂದು ಇದರರ್ಥವಲ್ಲ. ಆದರೆ ಸಾವಿನ ಕಾರಣ ನಿವಾರಣೆಯಾದ ಕಲ್ಪನೆ, ಹೊಚ್ಚಹೊಸ ಕಲ್ಪನೆಗಿಂತ ಹೆಚ್ಚು ಅಂಕ ಪಡೆಯಬೇಕು ಎಂಬುದು ನನ್ನ ನಿಯಮ.

ಸುಳಿವುಗಳನ್ನು ತೂಗುವುದು

ಪೇಟೆಂಟ್ ಅರ್ಜಿಗಳು ಸಾಮಾನ್ಯವಾಗಿ ಸಲ್ಲಿಸಿದ 18 ತಿಂಗಳ ಮೇಲೆ ಪ್ರಕಟವಾಗುತ್ತವೆ. ಇಂದು ಕಾಣಿಸಿದ ಚಿತ್ರ ಒಂದೂವರೆ ವರ್ಷದ ಹಿಂದಿನ ಆಲೋಚನೆ ಎಂದು ತಿಳಿಯಬೇಕು; ಕಂಪನಿಗಳು ತಾವು ಮಾಡದೇ ಇರುವುದಕ್ಕೂ, ಇತರರು ಮಾಡದಂತೆ ತಡೆಯುವುದಕ್ಕೂ ಪೇಟೆಂಟ್ ಹಾಕುತ್ತವೆ. ಇದಕ್ಕೆ ಕಡಿಮೆ ತೂಕ. ಪ್ರಮಾಣೀಕರಣದ ದಾಖಲೆಗಳಿಗೆ ಹೆಚ್ಚು ತೂಕ. ಅಮೆರಿಕದ ಸಂಪರ್ಕ ಆಯೋಗವಾದ ಎಫ್‌ಸಿಸಿ, ನಮ್ಮ ಮಾನಕ ಸಂಸ್ಥೆಯಾದ ಬಿಐಎಸ್‌ನ ಕಡ್ಡಾಯ ನೋಂದಣಿ, ಬ್ಲೂಟೂತ್ ಅಥವಾ ವೈಫೈ ಇದ್ದರೆ ನಿಸ್ತಂತು ಪರವಾನಗಿ ನೀಡುವ ಡಬ್ಲ್ಯುಪಿಸಿಯ ಅನುಮೋದನೆ, ಇವುಗಳಲ್ಲಿ ಮಾದರಿ ಸಂಖ್ಯೆ ಕಾಣಿಸಿತೆಂದರೆ ಸಾಧನ ಕಾರ್ಖಾನೆಯ ಹತ್ತಿರ ಬಂದಿದೆ ಎಂದರ್ಥ. ಬಿಐಎಸ್ ಪಟ್ಟಿಯಲ್ಲಿ ಬ್ಯಾಟರಿಯೊಂದೇ ಮೊದಲು ಕಾಣಿಸುವುದೂ ಉಂಟು. ಅದರ ಸಾಮರ್ಥ್ಯ ತಿಳಿದರೆ ಮೇಲಿನ ವ್ಯಾಟ್ ಲೆಕ್ಕವನ್ನು ಅಲ್ಲಿಂದಲೇ ಶುರುಮಾಡಬಹುದು.

ವದಂತಿಕೋರರು ಹೆಚ್ಚಾಗಿ ಮರೆಯುವ ಸುಳಿವೆಂದರೆ ಕಾನೂನು. ಐರೋಪ್ಯ ಒಕ್ಕೂಟದ ಬ್ಯಾಟರಿ ನಿಯಮದ ಪ್ರಕಾರ 2027ರ ಫೆಬ್ರವರಿ 18ರಿಂದ ಕೈಸಾಧನಗಳ ಬ್ಯಾಟರಿಯನ್ನು, ಕೆಲವು ವಿನಾಯಿತಿಗಳನ್ನು ಬಿಟ್ಟು, ಬಳಕೆದಾರರೇ ತೆಗೆದು ಬದಲಿಸುವಂತಿರಬೇಕು. ಆಟದ ನಡುವೆ ಬ್ಯಾಟರಿ ಬದಲಿಸಬೇಕಾದವರಿಗೆ ಯಾವ ಕಂಪನಿಯ ಭರವಸೆಗಿಂತಲೂ ಈ ದಿನಾಂಕವೇ ಮುಖ್ಯವಾದದ್ದು. ವೇದಿಕೆಗಳ ಬದಲಾವಣೆಯೂ ಹಾಗೆಯೇ: 2020ರ ಜೂನ್ ಕೊನೆಗೆ ಭಾರತದಲ್ಲಿ ಟಿಕ್‌ಟಾಕ್ ನಿಷೇಧವಾಗಿ, ಕೆಲವೇ ತಿಂಗಳಲ್ಲಿ ರೀಲ್ಸ್ ಮತ್ತು ಶಾರ್ಟ್ಸ್ ಬಂದ ಮೇಲೆ ಲಂಬ ವಿಡಿಯೊ ಇಲ್ಲಿ ಎಲ್ಲರ ಹೊಟ್ಟೆಪಾಡಿನ ಭಾಗವಾಯಿತು, ಅಡ್ಡಕ್ಕೂ ಲಂಬಕ್ಕೂ ತಿರುಗುವ ಪಾಕೆಟ್ 3ರ ಪರದೆ ಇಂತಹ ಬಳಕೆಗೆಂದೇ ಇರುವಂತಹದ್ದು.

ಕನ್ನಡದ ಕೆಲಸಕ್ಕೆ ಸಂಬಂಧಿಸಿದ ಒಂದು ಅಂಶವನ್ನು ಊಹೆಯಲ್ಲಿ ಬೇರೆಯಾಗಿಯೇ ಸೇರಿಸಿ. ಸಾಧನದೊಳಗೇ ಮಾತನ್ನು ಅಕ್ಷರಕ್ಕಿಳಿಸುವ ಸೌಲಭ್ಯ ಬರುತ್ತದೆ ಎನ್ನುವಾಗ, ಅದು ಅಕ್ಷರಗಳನ್ನು ಸರಿಯಾಗಿ ಕೂರಿಸುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಇಂದಿಗೂ ಕೆಲವು ಎಡಿಟಿಂಗ್ ತಂತ್ರಾಂಶಗಳ ಶೀರ್ಷಿಕೆ ಪೆಟ್ಟಿಗೆಯಲ್ಲಿ ಯುನಿಕೋಡ್ ಕನ್ನಡ ಹಾಕಿದರೆ "ರಾಷ್ಟ್ರ"ದ ಒತ್ತುಗಳು ಕೆಳಗೆ ಕೂರದೆ ಪಕ್ಕದಲ್ಲಿ ಸಾಲುಗಟ್ಟುತ್ತವೆ. ಅದಕ್ಕೇ ಅನೇಕರು 'ನುಡಿ' ತಂತ್ರಾಂಶದ, ಯುನಿಕೋಡ್‌ಗೆ ಮುಂಚಿನ ಹಳೆಯ ಆಸ್ಕಿ ಫಾಂಟುಗಳನ್ನು ಬಿಟ್ಟಿಲ್ಲ. ಇದಕ್ಕೆ ವ್ಯಾಟೂ ಬೇಡ, ಸೆನ್ಸರೂ ಬೇಡ, ಗಮನವೊಂದು ಸಾಕು. ಕುಂದಾಪುರದ ಮಾತನ್ನೋ ಧಾರವಾಡದ ಮಾತನ್ನೋ ತಪ್ಪಿಲ್ಲದೆ ಕೇಳಿಸಿಕೊಳ್ಳುವುದು ಮಾತ್ರ ಇದಕ್ಕಿಂತ ಬಹಳ ಕಠಿಣವಾದ ಕೆಲಸ.

ಊಹೆಯನ್ನು ಬರೆದಿಡುವುದು

ಪ್ರತಿ ಊಹೆಗೂ ಒಂದು ಗಡುವು, ಒಂದು ಶೇಕಡಾವಾರು, ಸುಳ್ಳಾಯಿತೆಂದು ಒಪ್ಪಬೇಕಾದ ಒಂದು ಷರತ್ತು ಇರಲೇಬೇಕು. "ಮುಂದೆ ಕ್ಯಾಮೆರಾಗಳು ಇನ್ನಷ್ಟು ಜಾಣವಾಗುತ್ತವೆ" ಎಂಬ ವಾಕ್ಯ ಎಂದೂ ಸುಳ್ಳಾಗದು, ಆದ್ದರಿಂದ ಅದರಿಂದ ಪ್ರಯೋಜನವೂ ಇಲ್ಲ. ನನ್ನ ಹಾಳೆಯಲ್ಲಿರುವವನ್ನು ಮಾದರಿಗಾಗಿ ಕೊಡುತ್ತೇನೆ, ಒಪ್ಪಬೇಕಾಗಿಲ್ಲ.

2029ರ ಕೊನೆಯೊಳಗೆ, 300 ಗ್ರಾಂಗಿಂತ ಹಗುರವಾದ, ಒಂದು ಇಂಚಿಗಿಂತ ದೊಡ್ಡ ಸೆನ್ಸರ್ ಇರುವ ಹಿಡಿಕೆಯ ಕ್ಯಾಮೆರಾ ಭಾರತದ ಅಂಗಡಿಗಳಲ್ಲಿ ಅಧಿಕೃತವಾಗಿ ಸಿಗುವ ಸಂಭವ ಶೇ 55. ವಿದೇಶದಲ್ಲಿ ಮಾತ್ರ ಸಿಕ್ಕರೆ ಸುಳ್ಳು. ಅಷ್ಟೇ ತೂಕದ ಕ್ಯಾಮೆರಾದೊಳಗೆ ಫ್ಯಾನ್ ಬರುವುದಕ್ಕೆ ಶೇ 40. ಫೋನಿಗೆ ಅಂಟಿಸುವ, ಸ್ವಂತ ಸೆನ್ಸರ್ ಇರುವ ಲೆನ್ಸ್‌ನ್ನು ಒಂದೇ ಕಂಪನಿ ಸತತ ಎರಡು ತಲೆಮಾರು ಮಾರುವುದಕ್ಕೆ ಶೇ 25. ಒಂದೇ ತಲೆಮಾರಿಗೆ ನಿಂತರೆ ಅದು ಕ್ಯುಎಕ್ಸ್100ರ ಪುನರಾವರ್ತನೆ ಎಂದು ಎಣಿಸುತ್ತೇನೆ. ಇಂಟರ್ನೆಟ್ ಇಲ್ಲದೆ ಸಾಧನವೇ ಮಾತನ್ನು ಅಕ್ಷರಕ್ಕಿಳಿಸಿ ಕೊಡುವ, ಒತ್ತಕ್ಷರ ಸರಿಯಾಗಿರುವ ಗ್ರಾಂಥಿಕ ಕನ್ನಡದ ಶೀರ್ಷಿಕೆಗೆ ಶೇ 65, ಕುಂದಾಪುರದ ಕನ್ನಡಕ್ಕೆ ಶೇ 10. 40 ಡಿಗ್ರಿಯ ಬಿಸಿಲಿನಲ್ಲಿ, ಫ್ಯಾನಿಲ್ಲದೆ, ಎರಡು ಗಂಟೆ ಎಡೆಬಿಡದೆ 4ಕೆ 60 ಫ್ರೇಮ್ ತೆಗೆಯುವ ಫೋನಿಗೆ ಶೇ 5. ಆ ಐದೂ ಉದಾರತೆಯಿಂದ ಕೊಟ್ಟದ್ದು.

ಇನ್ನು ಕೊಳ್ಳುವ ತೀರ್ಮಾನ. ನಿಮ್ಮ ಕೆಲಸ ಕೆಡುವ ಜಾಗವನ್ನು ಮೊದಲ ಹಂತದಲ್ಲೇ ಗುರುತಿಸಿದ್ದೀರಿ. ಅದನ್ನು ಸರಿಪಡಿಸುವ ಊಹೆಗೆ ನೀವು ಕೊಟ್ಟ ಅಂಕ ಶೇ 70ಕ್ಕಿಂತ ಮೇಲಿದ್ದು, ಗಡುವು ಒಂದು ವರ್ಷದೊಳಗಿದ್ದರೆ ಮಾತ್ರ ಕಾಯುವುದಕ್ಕೆ ಅರ್ಥವಿದೆ. ಆಗಲೂ ಈ ನಡುವೆ ಕೈತಪ್ಪುವ ಸಂಪಾದನೆಯನ್ನು ಲೆಕ್ಕಕ್ಕೆ ಹಿಡಿಯಬೇಕು: ದೀಪಾವಳಿಯ ಆಸುಪಾಸಿನಲ್ಲಿ ಹೊರಟ ಮೇಳಗಳು ಮಳೆಗಾಲದ ಹೊಸ್ತಿಲಿನ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚುವವರೆಗಿನ ತಿರುಗಾಟವನ್ನು ಕಾಯುತ್ತಾ ಕಳೆದವರಿಗೆ ಆ ಆಟಗಳು ಮತ್ತೆ ಸಿಗುವುದಿಲ್ಲ. ಉಳಿದ ಸಂದರ್ಭಗಳಲ್ಲಿ ದೊಡ್ಡ ಸೆನ್ಸರ್‌ನ ಕ್ಯಾಮೆರಾವನ್ನು ಮುಖ್ಯವಾದ ಆಟಗಳಿಗೆ ಬಾಡಿಗೆಗೆ ತಂದು, 32 ಬಿಟ್ ಫ್ಲೋಟ್ ಮೈಕನ್ನು ಸ್ವಂತಕ್ಕೆ ಕೊಳ್ಳುವುದು ಮೇಲು, ಏಕೆಂದರೆ ಸಾಧನ ಯಾವುದೇ ಬಂದರೂ ಮೈಕು ಅದಕ್ಕೆ ಹೊಂದಿಕೊಳ್ಳುತ್ತದೆ. ಹಾಳೆಯನ್ನು ವರ್ಷಕ್ಕೊಮ್ಮೆ, ಮಳೆಗಾಲದಲ್ಲಿ ಆಟಗಳಿಲ್ಲದ ಬಿಡುವಿನಲ್ಲಿ ತೆಗೆದು, ಹಳೆಯ ಅಂಕವನ್ನು ಅಳಿಸದೆ ಅದರ ಪಕ್ಕದಲ್ಲೇ ಹೊಸ ಅಂಕವನ್ನೂ, ಬದಲಿಸಿದ್ದೇಕೆ ಎಂಬ ಕಾರಣವನ್ನೂ ಬರೆಯಿರಿ.